ಮೇಜಿನ ಮೇಲೆ ಇಟ್ಟ ಅಂಗೈ

ಫೆಬ್ರವರಿ ೧೯

ತಮ್ಮನಿಗೆ,

ನನ್ನ ಕೈಬರಹವನ್ನು ಕಂಡೊಡನೆ ನೀನು ಲಕೋಟೆಯನ್ನು ಒಡೆಯದೆ ಬದಿಗಿಡಬಹುದೆಂದು ವಿಳಾಸವನ್ನು ಸಂಘದ ಬೆರಳಚ್ಚು ಯಂತ್ರದಲ್ಲಿ ಹೊಡೆಸಿದ್ದೇನೆ. ಇದನ್ನು ಓದುತ್ತಿರುವೆಯಾದರೆ ಆ ಉಪಾಯ ಫಲಿಸಿತೆಂದು ತಿಳಿಯುತ್ತೇನೆ.

ಹತ್ತೊಂಬತ್ತು ವರ್ಷಗಳ ಬಳಿಕ ನಿನ್ನ ವಿಳಾಸ ನನಗೆ ದೊರೆತ ಬಗೆಯನ್ನು ಮೊದಲು ಹೇಳಬೇಕು. ಕಳೆದ ಅಕ್ಟೋಬರಿನಲ್ಲಿ ಕೆಳಗಿನ ಯಾವುದೋ ಕಾಲೇಜಿನ ಹುಡುಗಿಯರು ನಮ್ಮ ಬೆಟ್ಟ ನೋಡಲು ಬಂದಿದ್ದರು. ಮನೋರಂಜನ ಸಂಘದ ಸಭಾಂಗಣ ಈಗಲೂ ಬೆಳಗಿನ ಹೊತ್ತು ಸ್ಕೇಟಿಂಗಿಗೆ, ಸಂಜೆಯ ಹೊತ್ತು ಸಂಗೀತಕ್ಕೋ ನಾಟಕದ ತಾಲೀಮಿಗೋ ಒದಗುತ್ತದೆ. ಒಬ್ಬ ಹುಡುಗಿ ಹತ್ತು ಹೆಜ್ಜೆಗೊಮ್ಮೆ ಬೀಳುತ್ತಿದ್ದಳು. ಕೊನೆಗೆ ಗೋಡೆ ಹಿಡಿದು ನಿಂತಳು. ಅವಳು ನಿಂತದ್ದು ಹಳೆಯ ನಾಟಕಗಳ ಛಾಯಾಚಿತ್ರಗಳ ಮುಂದೆ. ನಾನು ಪುಸ್ತಕದ ಕಪಾಟಿಗೆ ಬೀಗ ಹಾಕುತ್ತಿದ್ದೆ.

"ಈ ಜಡ್ಜು ಯಾರು ಅಜ್ಜೀ?" ಎಂದಳು. "ನಮ್ಮಪ್ಪನ ಥರಾನೇ ಇದಾರೆ. ಆದ್ರೆ ನಮ್ಮಪ್ಪ ನಾಟಕ ಅಂದ್ರೆ ಎದ್ದು ಹೋಗ್ತಾರೆ."

ನಾನು ಅವಳ ಮೂಗನ್ನು ನೋಡಿದೆ. ನಮ್ಮಮ್ಮನ ಮೂಗು. "ನಿಮ್ಮಪ್ಪನಿಗೆ ಎಡ ಹುಬ್ಬಿನಲ್ಲಿ ಗಾಯದ ಗುರುತು ಇದೆಯೇನಮ್ಮಾ?" ಎಂದೆ.

"ಇದೆ. ನಿಮಗೆ ಹೇಗೆ ಗೊತ್ತು?"

"ಉಯ್ಯಾಲೆಯಿಂದ ತಳ್ಳಿದವಳು ನಾನೇ."

ಕ್ಷಣ ಲೆಕ್ಕ ಹಾಕಿ, "ಅಯ್ಯೋ, ಹಾಗಾದ್ರೆ ಅಜ್ಜಿ ಅಲ್ಲ, ಅತ್ತೆ!" ಎಂದು ಚಕ್ರದ ಬೂಟುಗಳ ಮೇಲೆಯೇ ಬಂದು ತಬ್ಬಿಕೊಂಡಳು. ಇಬ್ಬರೂ ಬಿದ್ದೆವು. ನಿನಗೆ ಮಗಳಿರುವುದು ನನಗೆ ತಿಳಿದಿರಲಿಲ್ಲ. ನೀನು ನಟನಾಗಿದ್ದುದು ಅವಳಿಗೆ ತಿಳಿದಿರಲಿಲ್ಲ. ನೆಲದ ಮೇಲೆ ಕುಳಿತೇ ಈ ಎರಡು ಸಂಗತಿಗಳನ್ನು ವಿನಿಮಯ ಮಾಡಿಕೊಂಡೆವು.

ವಿಳಾಸ ಕೈಗೆ ಬಂದು ನಾಲ್ಕು ತಿಂಗಳಾದವು. ಈಗ ಬರೆಯಲು ಕಾರಣವಿದೆ. ಬರುವ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶನ ನಾಟಕವನ್ನು ಮತ್ತೆ ಆಡಬೇಕೆಂದು ಸಂಘ ತೀರ್ಮಾನಿಸಿದೆ. ಅದನ್ನು ಬರೆದ ಅಂಚೆ ಮಾಸ್ತರರು ತೀರಿಕೊಂಡು ಬಹಳ ಕಾಲವಾಯಿತು. ಕಾರ್ಯದರ್ಶಿಗಳು, ಅಂದರೆ ನಮ್ಮ ಹಲ್ಲಿನ ವೈದ್ಯರು, ನ್ಯಾಯಾಧೀಶನ ಪಾತ್ರಕ್ಕೆ ನಿನ್ನನ್ನು ಆಹ್ವಾನಿಸುವಂತೆ ನನಗೆ ಹೇಳಿದ್ದಾರೆ. ವೇದಿಕೆಯ ಮುಂದಿನ ಗೂಡಿನಲ್ಲಿ ಕುಳಿತು ಮಾತು ಎತ್ತಿಕೊಡುವ ಕೆಲಸ ಈಗಲೂ ನನ್ನದೇ. ಈ ಸಂಗತಿ ನಿನಗೆ ಅಡ್ಡಿಯಾಗುವುದಾದರೆ ಅದನ್ನೂ ಬರೆ.

ನಿನ್ನ ಅಕ್ಕ


ಮಾರ್ಚ್ ೨೨

ಅಕ್ಕನಿಗೆ,

ಪತ್ರ ತಲುಪಿತು. ಬೆರಳಚ್ಚಿನ ವಿಳಾಸವನ್ನು ಕಂಡು ತೆರಿಗೆ ಕಚೇರಿಯ ಕಾಗದವೆಂದು ಎರಡು ವಾರ ಒಡೆಯದೆ ಇಟ್ಟಿದ್ದೆ. ಕೈಬರಹವಿದ್ದರೆ ಅಂದೇ ಒಡೆಯುತ್ತಿದ್ದೆ.

ನಾನು ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುವವನು. ಗಾಜಿನ ಕೋಣೆ, ಒಂದು ಮೈಕು, ಒಂದು ದೀಪ, ಮುಂದೆ ಕಾಗದ. ಯಾವ ರೈಲು ಯಾವ ಕಟ್ಟೆಗೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಬರೆದಿರುತ್ತದೆ; ಓದುತ್ತೇನೆ. ನೆನಪಿಡಬೇಕಾದದ್ದು ಏನೂ ಇಲ್ಲ. ಕೆಲಸವನ್ನು ಆರಿಸಿಕೊಂಡದ್ದೇ ಆ ಕಾರಣಕ್ಕೆ.

ನಿನ್ನ ಆಹ್ವಾನಕ್ಕೆ ಉತ್ತರಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕಾಗಿದೆ. ನಾವಿಬ್ಬರೂ ಒಂದೇ ದಿನದ ಮಾತನ್ನು ಆಡುತ್ತಿದ್ದೇವೆಂಬುದು ಖಚಿತವಾಗಲಿ ಎಂದು ನಿನಗೆ ತಿಳಿದಿರುವುದನ್ನೇ ಬರೆಯುತ್ತೇನೆ.

ಮೂರನೆಯ ಅಂಕದಲ್ಲಿ ನ್ಯಾಯಾಧೀಶ ತನ್ನ ಮಗನಿಗೇ ಶಿಕ್ಷೆ ವಿಧಿಸಬೇಕು. "ಈ ನ್ಯಾಯಾಲಯಕ್ಕೆ ಮಗನಿಲ್ಲ" ಎಂಬುದು ಮಾತು. ಅದಕ್ಕೆ ಮೊದಲು ನಾನು ಏಳು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದೆ. ಆ ಮೌನದಲ್ಲಿ ಯಾವ ಕಾರಣಕ್ಕೂ ಮಾತು ಎತ್ತಿಕೊಡಕೂಡದೆಂದು ನಿನಗೆ ಹೇಳಿದ್ದೆ. ನಿಜವಾಗಿಯೇ ಮರೆತರೆ ಎಡಗೈಯ ಅಂಗೈಯನ್ನು ಮುಂದಿರುವ ವಸ್ತುವಿನ ಮೇಲೆ ಚಪ್ಪಟೆಯಾಗಿ ಇಡುವುದು ನಮ್ಮ ಸಂಘದ ಎಲ್ಲ ನಟರ ಸನ್ನೆ. ಅಂಗೈ ಕಂಡರೆ ನೀನು ಹೇಳಿಕೊಡಬೇಕು. ಕಾಣದಿದ್ದರೆ ಬಾಯಿ ಬಿಡಕೂಡದು.

ಆ ದಿನ ಮೂರನೆಯ ಸಾಲಿನಲ್ಲಿ ನಗರದ ನಾಟಕ ಕಂಪನಿಯ ಮಾಲೀಕರು ಕುಳಿತಿದ್ದರು. ನಾಟಕ ಮುಗಿದ ಬಳಿಕ ಅವರೊಡನೆ ಹೊರಡುವುದೆಂದು ನಾನು ಹಿಂದಿನ ದಿನ ನಿನಗೆ ತಿಳಿಸಿದ್ದೆ. ನೀನು ಹೇಳಿದ ಮಾತು ನಿನಗೆ ನೆನಪಿರಬಹುದು. ಆಮೇಲೆ ಇಬ್ಬರೂ ಮಾತು ಬಿಟ್ಟೆವು. ನಾಟಕ ಶುರುವಾಗುವ ತನಕ ಒಂದು ಅಕ್ಷರವನ್ನೂ ಆಡಲಿಲ್ಲ.

ಏಳು ಉಸಿರು ಕಳೆದವು. ನಾನು ಅಂಗೈ ಇಟ್ಟೆ. ಗೂಡಿನಿಂದ ಸದ್ದು ಬರಲಿಲ್ಲ. ಹನ್ನೊಂದನೆಯ ಉಸಿರಿಗೆ ಎದ್ದು ವೇದಿಕೆಯಿಂದ ಇಳಿದು ಹೋದೆ. ಮರುದಿನದ ಬಸ್ಸಿನಲ್ಲಿ ಊರು ಬಿಟ್ಟೆ. ಕಂಪನಿಯ ಮಾಲೀಕರು ಅದೇ ಬಸ್ಸಿನಲ್ಲಿದ್ದರು. ನನ್ನನ್ನು ನೋಡಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಪ್ರಶ್ನೆ ಇಷ್ಟೇ: ನನ್ನ ಅಂಗೈ ನಿನಗೆ ಕಂಡಿತ್ತೇ? ಉತ್ತರ ನೋಡಿ ಬರುವ, ಬಾರದಿರುವ ಮಾತು.

ತಮ್ಮ


ಏಪ್ರಿಲ್ ೧೦

ತಮ್ಮನಿಗೆ,

ನಿನ್ನ ಪತ್ರ ಸ್ಪಷ್ಟವಾಗಿತ್ತು. ಅಕ್ಷರ ಮೊದಲಿಗಿಂತ ಚೆನ್ನಾಗಿದೆ; ಎಲ್ಲಿಯೂ ಚಿತ್ತಿಲ್ಲ. ಬಾಲ್ಯದಲ್ಲಿ ನಿನ್ನ ಕಾಪಿ ಪುಸ್ತಕ ತಿದ್ದುತ್ತಿದ್ದ ನನಗೆ ಇದು ಸಮಾಧಾನದ ವಿಷಯ.

ನಿನ್ನ ಪ್ರಶ್ನೆಗೆ ಈ ಊರು ಬಹಳ ಹಿಂದೆಯೇ ಉತ್ತರ ಕೊಟ್ಟಾಗಿದೆ. ಆ ವರ್ಷ ಬಡಗಿ ನ್ಯಾಯಾಧೀಶನಿಗೆ ಹೊಸ ಮೇಜು ಮಾಡಿಕೊಟ್ಟಿದ್ದ. ಹಳೆಯ ಮೇಜಿನ ಮುಂದಿನ ಹಲಗೆಗಿಂತ ಹೊಸದರ ಹಲಗೆ ನಾಲ್ಕು ಬೆರಳು ಎತ್ತರವಿದ್ದು, ಮೇಜಿನ ಮೇಲ್ಮೈಗಿಂತ ಮೇಲಕ್ಕೆ ಚಾಚಿತ್ತು. ಗೂಡಿನಲ್ಲಿ ಕುಳಿತವಳ ಕಣ್ಣು ವೇದಿಕೆಯ ನೆಲದ ಮಟ್ಟದಲ್ಲಿರುತ್ತದೆ. ನನಗೆ ನಟರ ಬೂಟುಗಳು ಕಾಣುವಷ್ಟು ಮುಖಗಳು ಕಾಣುವುದಿಲ್ಲವೆಂದು ನಿನಗೂ ಗೊತ್ತು. ಯಾರ ಬೂಟಿನ ಹಿಮ್ಮಡಿ ಯಾವ ಕಡೆ ಸವೆದಿದೆಯೆಂದು ನಾನು ಇಂದಿಗೂ ಹೇಳಬಲ್ಲೆ. ಅಂಥ ಹಲಗೆಯ ಹಿಂದಿನ ಮೇಜಿನ ಮೇಲೆ ಯಾರು ಏನಿಟ್ಟರೂ ಗೂಡಿಗೆ ಕಾಣದು. ಇದನ್ನು ಬಡಗಿಯೇ ಎಲ್ಲರ ಮುಂದೆ ಒಪ್ಪಿಕೊಂಡ. ಆಮೇಲೆ ಯಾರೂ ಆ ವಿಷಯವನ್ನು ಎತ್ತಿಲ್ಲ.

ತಾಲೀಮು ಆರಂಭವಾಗಿದೆ. ನಿನ್ನ ಉತ್ತರ ಬರುವ ತನಕ ನ್ಯಾಯಾಧೀಶನ ಪಾತ್ರವನ್ನು ಹಲ್ಲಿನ ವೈದ್ಯರೇ ವಹಿಸಿದ್ದಾರೆ. ಒಳ್ಳೆಯ ಮನುಷ್ಯರು. ಆದರೆ ತೀರ್ಪನ್ನು ಓದುವಾಗ ಅಪರಾಧಿಯ ಕಡೆ ಬಗ್ಗಿ, ಸ್ವಲ್ಪವೂ ನೋಯುವುದಿಲ್ಲವೆಂದು ನಂಬಿಸುವವರಂತೆ ಮಾತನಾಡುತ್ತಾರೆ. ನಿನ್ನೆ ಮೌನದ ಸಂದರ್ಭ ಬಂದಾಗ ಅವರು ಗಡಿಯಾರ ನೋಡಿಕೊಂಡರು. "ಏಳು ಉಸಿರು ಅಂದ್ರೆ ಎಷ್ಟು ಸೆಕೆಂಡು ಮೇಡಂ?" ಎಂದು ಕೇಳಿದರು. "ಉಸಿರಾಡುವವರ ಮೇಲೆ ಹೋಗುತ್ತೆ" ಎಂದೆ.

ನಿನ್ನ ಒಪ್ಪಿಗೆಯನ್ನು ಮೇ ತಿಂಗಳೊಳಗೆ ತಿಳಿಸಿದರೆ ಪೋಷಾಕು ಹೊಲಿಸಲು ಅನುಕೂಲ.

ಅಕ್ಕ


ಏಪ್ರಿಲ್ ೩೦

ಅಕ್ಕನಿಗೆ,

ನಾನು ಹಲಗೆಯ ಎತ್ತರವನ್ನು ಕೇಳಿರಲಿಲ್ಲ. ನನ್ನ ಕೈ ಎಲ್ಲಿತ್ತೆಂಬುದು ನನಗೆ ನೆನಪಿದೆ. ಅದು ನಿನಗೆ ಕಂಡಿತ್ತೇ?

ಪೋಷಾಕನ್ನು ವೈದ್ಯರ ಅಳತೆಗೇ ಹೊಲಿಸಿ.

ತಮ್ಮ


ಜೂನ್ ೨೧

ತಮ್ಮನಿಗೆ,

ಪತ್ರ ಬರೆಯಲು ತಡವಾಯಿತು. ಪ್ರವಾಸಿಗರ ತಿಂಗಳುಗಳಲ್ಲಿ ಸಂಘದಲ್ಲಿ ಬಿಡುವು ದೊರೆಯುವುದಿಲ್ಲ. ಬೆಳಿಗ್ಗೆ ಸ್ಕೇಟಿಂಗ್, ಹನ್ನೊಂದಕ್ಕೆ ಜಲವರ್ಣ ಚಿತ್ರದ ತರಗತಿ, ಮಧ್ಯಾಹ್ನ ವಾಚನಾಲಯ, ಸಂಜೆ ವಾದ್ಯಗೋಷ್ಠಿ. ಜಲವರ್ಣದ ತರಗತಿಗೆ ಬಂದವರೆಲ್ಲರೂ ಕಿಟಕಿಯ ಎದುರಿಗೆ ಕಾಣುವ ಅದೇ ಶಿಖರವನ್ನು ಬರೆಯುತ್ತಾರೆ. ಮೋಡ ಕವಿದು ಶಿಖರ ಮರೆಯಾದ ದಿನ ಕುಂಚವನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯನ್ನು ನೋಡುತ್ತ ಕೂರುತ್ತಾರೆ. ನೆನಪಿನಿಂದ ಬರೆಯಬಹುದಲ್ಲ ಎಂದು ಒಬ್ಬಾಕೆಗೆ ಹೇಳಿದೆ. "ನೆನಪಿನಿಂದ ಬರೆದ್ರೆ ನಮಗೆ ಬೇಕಾದ ಹಾಗೆ ಬರೀತೀವಿ ಮೇಡಂ, ಅದು ಮೋಸ ಆಗುತ್ತೆ" ಎಂದಳು. ಬುದ್ಧಿವಂತೆ.

ಕಳೆದ ವಾರ ಬಡಗಿ ತಾನಾಗಿಯೇ ಬಂದ. ಅವನಿಗೀಗ ಎಪ್ಪತ್ತು ದಾಟಿದೆ; ಒಂದು ಕಿವಿ ಮಂದ. ಉಗ್ರಾಣದಿಂದ ನ್ಯಾಯಾಧೀಶನ ಮೇಜನ್ನು ಹೊರಗೆ ಎಳೆಸಿ, ಮುಂದಿನ ಹಲಗೆಯ ಮೇಲೆ ಗೆರೆ ಎಳೆದು, ನಾಲ್ಕು ಬೆರಳು ಕೊಯ್ದು ತೆಗೆದ. ಅಂಚನ್ನು ಮರಳು ಕಾಗದದಿಂದ ಉಜ್ಜಿದ. ಒಂದು ಗಂಟೆಯ ಕೆಲಸಕ್ಕೆ ಇಡೀ ಮಧ್ಯಾಹ್ನ ತೆಗೆದುಕೊಂಡ. ಆಮೇಲೆ ನನ್ನನ್ನು ಗೂಡಿಗೆ ಇಳಿಯಲು ಹೇಳಿ, ತಾನು ನ್ಯಾಯಾಧೀಶನ ಕುರ್ಚಿಯಲ್ಲಿ ಕುಳಿತು ಅಂಗೈಯನ್ನು ಮೇಜಿನ ಮುಂದಿನ ಅಂಚಿನ ಮೇಲಿಟ್ಟ.

"ಕಾಣ್ತಾ ಅಕ್ಕಾವ್ರೇ?"

"ಕಾಣುತ್ತೆ."

"ಪೂರ್ತಿ ಕಾಣ್ತಾ?"

"ಪೂರ್ತಿ ಕಾಣುತ್ತಪ್ಪಾ."

ಅವನು ಕೈಯನ್ನು ತೆಗೆಯಲೇ ಇಲ್ಲ. "ಈ ಬುದ್ಧಿ ಅವತ್ತೇ ಬಂದಿದ್ರೆ ನಿಮ್ಮ ತಮ್ಮ ಊರು ಬಿಡ್ತಿರ್ಲಿಲ್ಲ. ಮೇಜು ಗಂಭೀರವಾಗಿ ಕಾಣ್ಲಿ ಅಂತ ಎತ್ತರ ಮಾಡ್ದೆ. ಆಮೇಲೆ ನಾನು ನಾಟಕಕ್ಕೆ ಅಂತ ಯಾವ ಸಾಮಾನೂ ಮಾಡಿಲ್ಲ, ನೋಡಿದೀರಲ್ಲ? ಬರೀ ಬಾಗಿಲು, ಕಿಟಕಿ" ಎಂದ.

ಅವನು ನಾಟಕಕ್ಕೆ ಏನನ್ನೂ ಮಾಡಿಕೊಡದೆ ಇದ್ದುದನ್ನು ನಾನು ನೋಡಿದ್ದೆ. ಕಾರಣ ಬೇರೆ ಇರಬಹುದೆಂದು ತಿಳಿದಿದ್ದೆ. ಬೆನ್ನು ನೋವು ಎಂದು ಹೇಳುತ್ತಿದ್ದ.

ನಾನು ಪುಸ್ತಕದ ಹಾಳೆ ತಿರುವಿದೆ. ಅವನು ಮೇಜನ್ನು ಒರೆಸಿ ಹೋದ.

ವೈದ್ಯರ ನ್ಯಾಯಾಧೀಶ ಇನ್ನೂ ಗಡಿಯಾರ ನೋಡುತ್ತಿದ್ದಾನೆ. ಪತ್ರವನ್ನು ಇಲ್ಲಿಗೆ ಮುಗಿಸುತ್ತೇನೆ. ಅಂಚೆಯ ಡಬ್ಬಿ ತೆರೆಯುವ ಹೊತ್ತಾಯಿತು.

ಅಕ್ಕ


ಜುಲೈ ೧೭

ಅಕ್ಕನಿಗೆ,

ನಿನ್ನ ಪತ್ರದಲ್ಲಿ ಎಲ್ಲವೂ ಇತ್ತು, ಕೇಳಿದ್ದೊಂದನ್ನು ಬಿಟ್ಟು.

ನನ್ನ ಮಗಳು ಕಾಲೇಜಿನ ನಾಟಕಕ್ಕೆ ಸೇರಿಕೊಂಡಿದ್ದಾಳೆ. ಇದಕ್ಕೆ ನೀನೇ ಕಾರಣವೆಂದು ಅವಳ ತಾಯಿ ಹೇಳುತ್ತಾಳೆ, ಕೋಪವೇನೂ ಇಲ್ಲ. ಪ್ರತಿದಿನ ಸಂಜೆ ನಾನು ಕೆಲಸದಿಂದ ಬಂದೊಡನೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ತಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತು ಒಪ್ಪಿಸುತ್ತಾಳೆ. ಮರೆತಾಗ ಹೇಳಿಕೊಡಬೇಕಾದವನು ನಾನು. ಈ ಕೆಲಸವನ್ನು ನಾನು ಹಿಂದೆಂದೂ ಮಾಡಿದವನಲ್ಲ.

ಕಷ್ಟದ ಕೆಲಸ. ಅವಳು ನಿಲ್ಲಿಸಿದಾಗ ಮರೆತು ನಿಲ್ಲಿಸಿದಳೋ, ಬೇಕೆಂದು ನಿಲ್ಲಿಸಿದಳೋ ತಿಳಿಯುವುದಿಲ್ಲ. ಬೇಗ ಹೇಳಿದರೆ, "ಅಪ್ಪಾ, ಗೊತ್ತಿತ್ತು, ಯಾಕೆ ಬಾಯಿ ಹಾಕಿದ್ರಿ?" ಎನ್ನುತ್ತಾಳೆ. ತಡ ಮಾಡಿದರೆ, "ನಾನಿಲ್ಲಿ ಒದ್ದಾಡ್ತಿದೀನಿ, ನೀವು ಸೊಗಸಾಗಿ ನೋಡ್ತಾ ಕೂತಿದೀರಲ್ಲ!" ಎನ್ನುತ್ತಾಳೆ. ಮೊನ್ನೆ ನಾನು ಎಷ್ಟು ತಡ ಮಾಡಿದೆನೆಂದರೆ ಅವಳ ತಾಯಿ ಒಲೆಯ ಬಳಿಯಿಂದಲೇ ಸಾಲನ್ನು ಹೇಳಿಕೊಟ್ಟಳು. ಕೇಳಿ ಕೇಳಿ ಅವಳಿಗೇ ಬಾಯಿಪಾಠವಾಗಿದೆ.

ನನಗೆ ತಡವಾದದ್ದು ಯಾಕೆಂದರೆ, ನಾನು ಅವಳ ಮುಖವನ್ನು ನೋಡುತ್ತಿದ್ದೆ. ಮಾತು ಸಿಕ್ಕದೆ ಹುಡುಕುವಾಗ ಅವಳು ನಮ್ಮ ಅಮ್ಮನಂತೆ ಕಾಣುತ್ತಾಳೆ.

ಇದನ್ನು ನಿನಗೆ ಅನುಕೂಲವಾಗಲೆಂದು ಬರೆಯುತ್ತಿಲ್ಲ. ಪ್ರಶ್ನೆ ಹಾಗೆಯೇ ಇದೆ.

ತಮ್ಮ


ಆಗಸ್ಟ್ ೧೪

ತಮ್ಮನಿಗೆ,

ಕಂಡಿತ್ತು.

ಮೊದಲ ಸಾಲಿನಲ್ಲಿಯೇ ಉತ್ತರ ಬರೆದಿದ್ದೇನೆ; ಮುಂದಿನದನ್ನು ಓದುವುದು ಬಿಡುವುದು ನಿನ್ನ ಇಷ್ಟ.

ಎಂಟನೆಯ ಉಸಿರಿಗೆ ನೀನು ಅಂಗೈಯನ್ನು ಮೇಜಿನ ಮೇಲೆ ಇಟ್ಟಿರಬಹುದು. ಅದು ನನಗೆ ಕಾಣಲಿಲ್ಲ. ಅಲ್ಲಿಯವರೆಗೆ ಬಡಗಿಯ ಹಲಗೆಯ ಕಥೆ ನಿಜ. ಮೌನ ಉದ್ದವಾದದ್ದನ್ನು ಕಂಡು, ಈ ದಿನ ತಮ್ಮ ಹೊಸದೇನನ್ನೋ ಮಾಡುತ್ತಿದ್ದಾನೆಂದು ತಿಳಿದೆ. ಸಭೆಯಲ್ಲಿ ಕೆಮ್ಮುವವರೂ ಇರಲಿಲ್ಲ. ಗೂಡಿನಲ್ಲಿ ನನ್ನ ಕಣ್ಣು ತುಂಬಿತ್ತು. ಹೆಮ್ಮೆಯಿಂದ ಎಂದು ಬರೆದರೆ ನೀನು ನಂಬದಿರಬಹುದು.

ಒಂಬತ್ತನೆಯ ಉಸಿರಿಗೆ ನಿನ್ನ ಕೈ ಮೇಜಿನಿಂದ ಮೇಲೆದ್ದು ಹಲಗೆಯ ಅಂಚಿಗೆ ಬಂದಿತು. ನಾಲ್ಕು ಬೆರಳುಗಳೂ ಕಂಡವು. ನನಗೆ ಕಾಣಲೆಂದೇ ನೀನು ಅಲ್ಲಿ ಇಟ್ಟಿದ್ದೆ. ಪುಸ್ತಕ ನನ್ನ ಮಡಿಲಲ್ಲಿ ತೆರೆದಿತ್ತು. ಬೆರಳು ಆ ಸಾಲಿನ ಕೆಳಗೇ ಇತ್ತು.

ಎರಡು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ. ಆ ಹೊತ್ತಿನಲ್ಲಿ ನಾನು ಯೋಚಿಸಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ: ಇವನು ಈಗ ಸೋತರೆ ಮೂರನೆಯ ಸಾಲಿನ ಆ ಮನುಷ್ಯ ಒಬ್ಬನೇ ಹಿಂದಿರುಗುತ್ತಾನೆ. ತಮ್ಮ ಇಲ್ಲಿಯೇ ಉಳಿಯುತ್ತಾನೆ.

ಹನ್ನೊಂದನೆಯ ಉಸಿರಿಗೆ ಬಾಯಿ ತೆರೆದೆ. ಆ ವೇಳೆಗೆ ನೀನು ಎದ್ದಿದ್ದೆ.

ಮರುದಿನ ಎಲ್ಲರೂ ಕಾರಣ ಹುಡುಕುತ್ತಿದ್ದರು. ಬಡಗಿ ಮೇಜಿನ ಮುಂದೆ ನಿಂತು, "ತಪ್ಪು ನನ್ನದೇ, ಹಲಗೆ ಎತ್ತರ ಆಯ್ತು" ಎಂದ. ಅಲ್ಲವೆಂದು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಆ ನಿಮಿಷವನ್ನು ಹತ್ತೊಂಬತ್ತು ವರ್ಷ ಮುಂದೂಡಿದೆ.

ನಿನಗೆ ಬರೆಯುವ ಮೊದಲು ಅವನಿಗೆ ಹೇಳುವುದು ನ್ಯಾಯವೆಂದು ತೋರಿ, ಕಳೆದ ಸೋಮವಾರ ಅವನ ಕೆಲಸದ ಕೋಣೆಗೆ ಹೋದೆ. ಕಿವಿ ಮಂದವಾದ್ದರಿಂದ ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಕೂಗಿಯೇ ಹೇಳಿದೆ. ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ನೋಡಿ ಮತ್ತೆ ಅಲ್ಲಿಯೇ ಸಿಕ್ಕಿಸಿಕೊಂಡ.

"ಹಾಗಾದ್ರೆ ಮೊನ್ನೆ ನಾನು ಕೊಯ್ದೆನಲ್ಲ, ಆ ನಾಲ್ಕು ಬೆರಳು ಹಲಗೆ?" ಎಂದ.

"ತಿರುಗಿ ಅಂಟಿಸ್ಬಹುದಾ?"

"ಅಂಟಿಸಿದ್ದು ಕಾಣ್ಸುತ್ತೆ ಅಕ್ಕಾವ್ರೇ. ಎಷ್ಟು ನಯ ಮಾಡಿದ್ರೂ ಗೆರೆ ಕಾಣ್ಸುತ್ತೆ."

ಆಮೇಲೆ ಅವನು ನನ್ನೊಡನೆ ಮಾತನಾಡಿಲ್ಲ. ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಅದು ಅವನ ಹಕ್ಕು.

ಕ್ಷಮೆ ಕೇಳುವ ವಾಕ್ಯವನ್ನು ಮೂರು ಬಗೆಯಲ್ಲಿ ಬರೆದು ನೋಡಿದೆ. ಯಾವುದೂ ಸರಿಯಾಗಿ ಕೂರಲಿಲ್ಲ. ಮೂರನ್ನೂ ಹೊಡೆದು ಹಾಕಿದ್ದೇನೆ.

ಅಕ್ಕ


ಸೆಪ್ಟೆಂಬರ್ ೯

ಅಕ್ಕನಿಗೆ,

ಹದಿನೆಂಟರ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹತ್ತು ದಿನ ರಜೆ ದೊರೆತಿದೆ. ಮಗಳಿಗೆ ಪರೀಕ್ಷೆಯಿರುವುದರಿಂದ ಒಬ್ಬನೇ ಬರುವೆ.

ವೈದ್ಯರು ಪಾತ್ರವನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಕುಳಿತು ನೋಡುತ್ತೇನೆ. ಬಿಟ್ಟುಕೊಟ್ಟರೆ ಪುಸ್ತಕ ಕಳುಹಿಸುವ ಅಗತ್ಯವಿಲ್ಲ. ಮಾತುಗಳು ಬರುತ್ತವೆ.

ಬಸ್ ನಿಲ್ದಾಣಕ್ಕೆ ಯಾರೂ ಬರುವುದು ಬೇಡ. ದಾರಿ ಗೊತ್ತಿದೆ.

ತಮ್ಮ


ಅಕ್ಟೋಬರ್ ೮

ತಮ್ಮನಿಗೆ,

ನೀನು ಹೊರಟು ಹತ್ತು ದಿನಗಳಾದವು. ಬಸ್ಸು ತಿರುವು ದಾಟುವಾಗ ನೀನು ಕಿಟಕಿಯಿಂದ ಕೈ ತೋರಿಸಿದೆಯೆಂದು ಹೂವಿನಂಗಡಿಯಾಕೆ ಹೇಳಿದಳು. ನಾನು ಆ ವೇಳೆಗೆ ಒಳಗೆ ಬಂದಿದ್ದೆ.

ನಾಟಕದ ವಿಷಯವಾಗಿ ಊರು ಆಡುತ್ತಿರುವ ಮಾತುಗಳನ್ನು ನಿನಗೆ ತಿಳಿಸುವುದಾಗಿ ಕಾರ್ಯದರ್ಶಿಗಳಿಗೆ ಮಾತು ಕೊಟ್ಟಿದ್ದೇನೆ. ವೈದ್ಯರು ಪಾತ್ರವನ್ನು ಬಿಟ್ಟುಕೊಟ್ಟದ್ದಕ್ಕೆ ಅತ್ಯಂತ ಸಂತೋಷಪಟ್ಟವರು ಅವರ ರೋಗಿಗಳು. ಎರಡು ತಿಂಗಳಿಂದ ವೈದ್ಯರು ಹಲ್ಲು ಕೊರೆಯುವಾಗ ತೀರ್ಪನ್ನು ಬಾಯಿಪಾಠ ಮಾಡುತ್ತಿದ್ದರಂತೆ. ನ್ಯಾಯಾಲಯದ ಜವಾನನ ಪಾತ್ರದಲ್ಲಿ ಅವರು ಚೆನ್ನಾಗಿಯೇ ನಿಂತರು.

ಇನ್ನು ಮೂರನೆಯ ಅಂಕ. ಆ ರಾತ್ರಿ ನೀನು ಅದನ್ನು ಎತ್ತಲಿಲ್ಲ, ಆದರೂ ಬರೆಯಬೇಕು. ನೀನು ಪೀಠದಲ್ಲಿ ಕುಳಿತೆ. ಅಪರಾಧಿ ತಲೆ ತಗ್ಗಿಸಿದ. ಮೌನ ಶುರುವಾಯಿತು. ನಾನು ಒಂದು ಉಸಿರು ಎಣಿಸಿದೆ. ಎರಡನೆಯದು ಅರ್ಧದಲ್ಲಿರುವಾಗಲೇ ನನ್ನ ಬಾಯಿಂದ "ಈ ನ್ಯಾಯಾಲಯಕ್ಕೆ ಮಗನಿಲ್ಲ" ಎಂಬ ಮಾತು ಹೊರಬಿದ್ದಿತು. ಪಿಸುಮಾತಲ್ಲ, ನಲವತ್ತು ಮಕ್ಕಳಿಗೆ ಪಾಠ ಹೇಳುವ ದನಿ. ನಿನ್ನ ಕೈ ಆಗ ತೊಡೆಯ ಮೇಲಿತ್ತು. ಕೊನೆಯ ಸಾಲಿನವರೆಗೂ ಕೇಳಿಸಿತಂತೆ. ಸಭೆ ನಕ್ಕಿತು. ನಗು ಅಡಗುವವರೆಗೆ ನೀನು ಕಾದು, ಅದೇ ಮಾತನ್ನು ನಿಧಾನವಾಗಿ, ಆಗ ತಾನೇ ತೋಚಿದಂತೆ ನುಡಿದೆ. ಅಂಥ ಅಪಸ್ವರದ ನಂತರವೂ ಸಭೆ ಮತ್ತೆ ಸದ್ದಡಗಿತು. ಅಂಚೆ ಮಾಸ್ತರರು ಇದ್ದಿದ್ದರೆ ನನ್ನನ್ನು ಗೂಡಿನಿಂದ ಕಿತ್ತು ಹಾಕುತ್ತಿದ್ದರು, ನಿನ್ನನ್ನು ಅಪ್ಪಿಕೊಳ್ಳುತ್ತಿದ್ದರು.

ಹೊರಗೆ ಬರುವಾಗ ಬಡಗಿ ಬಾಗಿಲಲ್ಲಿ ನಿಂತಿದ್ದ. ಏಳು ವಾರಗಳ ಬಳಿಕ ಮೊದಲ ಬಾರಿಗೆ ನನ್ನೊಡನೆ ಮಾತನಾಡಿದ. "ಈ ಸಲ ತೀರ್ಪು ಅಕ್ಕಾವ್ರದ್ದೇ. ನನ್ನ ಮಂದ ಕಿವಿಗೂ ಬಿತ್ತು" ಎಂದ. ಅದನ್ನೇ ಈಗ ಊರೆಲ್ಲ ಹೇಳುತ್ತಿದೆ. ವಾಚನಾಲಯದಲ್ಲಿ ನಾನು ಯಾರಿಗಾದರೂ ಸುಮ್ಮನಿರಿ ಎಂದರೆ, "ಆಯ್ತು ಮಹಾಸ್ವಾಮಿ" ಎನ್ನುತ್ತಾರೆ.

ಈಗ ಮರುದಿನ ಬೆಳಗಿನ ಮಾತು. ನಾನು ತಟ್ಟೆ ತೊಳೆಯುತ್ತಿದ್ದೆ, ನೀನು ಒರೆಸುತ್ತಿದ್ದೆ. ನನಗೆ ಬೆನ್ನು ಹಾಕಿ ನಿಂತಿದ್ದೆ.

"ಏನಕ್ಕಾ, ಅಷ್ಟೊಂದು ಅವಸರ?" ಎಂದು ನೀನು ಕೇಳಿದೆ.

"ಎಲ್ಲಿ ಮರೆತೆಯೋ ಅಂತ."

"ಮರೆತಿರ್ಲಿಲ್ಲ."

"ಆ ಸಲ?"

ಒಂದೇ ತಟ್ಟೆಯನ್ನು ನೀನು ಮೂರು ಸಲ ಒರೆಸಿದೆ. "ಆ ಸಲವೂ ಇಲ್ಲ ಕಣಕ್ಕಾ. ಮಾತು ನಾಲಗೆ ಮೇಲೇ ಇತ್ತು. ಹಿಂದಿನ ದಿನದಿಂದ ನೀನು ನನ್ನ ಹತ್ರ ಮಾತಾಡಿರ್ಲಿಲ್ವಲ್ಲ. ಕೈ ಇಟ್ರಾದ್ರೂ ಮಾತಾಡ್ತೀಯೇನೋ ಅಂತ ಇಟ್ಟೆ."

ಬಸ್ಸಿನ ಹಾರನ್ ಕೇಳಿಸಿತು. ನೀನು ತಟ್ಟೆಯನ್ನು ಕಪಾಟಿನಲ್ಲಿಟ್ಟು ಚೀಲ ಎತ್ತಿಕೊಂಡೆ. ನಾನು ನಲ್ಲಿ ನಿಲ್ಲಿಸಿದೆ.

ಹತ್ತು ದಿನ ಇದನ್ನು ತಿರುವಿ ತಿರುವಿ ನೋಡಿದ್ದೇನೆ. ನನಗೆ ಕೋಪ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಉತ್ತರದ ಅರ್ಧಭಾಗವನ್ನು ಕೈಯಲ್ಲಿ ಹಿಡಿದುಕೊಂಡು ಐದು ತಿಂಗಳು ನನ್ನೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸಿದೆ. ಎರಡು ಉಸಿರಿನ ಲೆಕ್ಕವನ್ನು ನಾನು ಒಪ್ಪಿಸಿದೆ. ನಿನ್ನ ಹನ್ನೊಂದು ಉಸಿರುಗಳನ್ನು ನೀನು ಮುಚ್ಚಿಟ್ಟುಕೊಂಡೆ. ಬಡಗಿಗೆ ಈ ಭಾಗವನ್ನು ನಾನು ಹೇಳಿಲ್ಲ. ಹೇಳಬೇಕಾದವನು ನೀನು. ಅವನ ಬಲಗಿವಿಯ ಕಡೆ ನಿಂತು ಹೇಳು. ಎರಡು ಸಲ ಹೇಳಬೇಕಾಗುತ್ತದೆ.

ಮುಂದಿನ ವರ್ಷ ಸಂಘ ಬೇರೊಂದು ನಾಟಕ ಆಡುತ್ತದಂತೆ. ನಿನ್ನನ್ನು ಕರೆಯಲು ಕಾರ್ಯದರ್ಶಿಗಳು ಈಗಲೇ ನನ್ನ ಬೆನ್ನು ಹತ್ತಿದ್ದಾರೆ. ಅದನ್ನು ಅವರೇ ಬರೆಯಲಿ.

ನಾನು ಕರೆಯುತ್ತಿರುವುದು ಡಿಸೆಂಬರಿಗೆ. ಆ ತಿಂಗಳು ಇಲ್ಲಿ ಸ್ಕೇಟಿಂಗ್ ಇರುವುದಿಲ್ಲ, ವಾದ್ಯಗೋಷ್ಠಿ ಇರುವುದಿಲ್ಲ, ಮಂಜು ಕವಿದು ನೋಡಲು ಶಿಖರವೂ ಇರುವುದಿಲ್ಲ. ಬಸ್ಸು ದಿನಕ್ಕೊಂದೇ. ಮನೆಯಲ್ಲಿ ಒಲೆ ಇರುವ ಕೋಣೆಯೊಂದೇ ಬೆಚ್ಚಗಿರುತ್ತದೆ. ಇಬ್ಬರೂ ಅಲ್ಲಿಯೇ ಕುಳಿತಿರಬೇಕಾಗುತ್ತದೆ. ಮಗಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಬಾ.

ನಿನ್ನ ಅಕ್ಕ